ಬುಧವಾರವೇ ಬಂದ ಐತವಾರ

ವೃದ್ಧರ ಆರೈಕೆ ಕೇಂದ್ರಗಳ ಗುಣಮಟ್ಟ ಅಳೆಯುವ ಸಮಿತಿಯ ಮುಖ್ಯಸ್ಥರಿಗೆ, ವಿಜಯಪುರ

ಮಾನ್ಯರೇ,

ಬುಧವಾರವನ್ನು ಐತವಾರ (ನಿಮ್ಮ ಕಡತದ ಭಾನುವಾರ) ಎಂದು ಹೇಳಿದ್ದಕ್ಕೆ ನನ್ನ ಸೋದರತ್ತೆ ಮುರಿಗೆವ್ವಳನ್ನು ನೀವು ‘ಬುದ್ಧಿ ಸ್ಥಿಮಿತದಲ್ಲಿಲ್ಲದವರು’ ಎಂದು ತೀರ್ಮಾನಿಸಿ ಹೋದಿರಿ. ಟೊಂಕದ ಕೆಳಗೆ ಹುಣ್ಣಾಗಿದೆ ಎಂದು ಅದೇ ಬಾಯಿಂದ ಅವಳು ಹೇಳಿದ್ದರಿಂದ ಆ ಮಾತೂ ಲೆಕ್ಕಕ್ಕೆ ಬರಲಿಲ್ಲ. ಅವಳಿರುವ ಜಲನಗರದ ಆರೈಕೆ ಕೇಂದ್ರಕ್ಕೆ ‘ಎ’ ದರ್ಜೆ ಬಂತು. ಹುಣ್ಣಿಗೆ ಯಾವ ದರ್ಜೆಯೂ ಸಿಗಲಿಲ್ಲ, ಪಾಪ. ಅದು ಸರಕಾರದ ನೆರವಿಲ್ಲದೆ ತನ್ನಷ್ಟಕ್ಕೆ ತಾನೇ ಬೆಳೆಯುತ್ತಿದೆ. ನನ್ನ ತಕರಾರು ಇಷ್ಟೇ. ಮುಂದಿನದೆಲ್ಲ ವಿವರಣೆ. ವಿವರಣೆ ಉದ್ದವಾಯಿತು ಎನ್ನಿಸಿದರೆ ದಯವಿಟ್ಟು ತಾಳಿಕೊಳ್ಳಿ. ನಿಮ್ಮ ಕಚೇರಿಯ ಹೊರಗಿನ ಬಾಕಿನ ಮೇಲೆ ಕೂತು ತಾಳ್ಮೆ ಎಂದರೇನು ಎಂಬುದನ್ನು ನಾನು ನಿಮ್ಮಿಂದಲೇ ಕಲಿತಿದ್ದೇನೆ.

ಮೊದಲು ನನ್ನ ಪರಿಚಯ. ನಾನು ಕನ್ನಡ ಮಾಧ್ಯಮದಲ್ಲಿ ಬಿ.ಎ. ಮಾಡಿದವನು. ತಿಕೋಟಾದ ಒಂದು ಗೋದಾಮಿನಲ್ಲಿ ಒಣದ್ರಾಕ್ಷಿ ನೋಡಿ ದರ್ಜೆ ಹಾಕುವುದು ನನ್ನ ಕೆಲಸ. ಅಂದರೆ ನೀವೂ ನಾನೂ ಒಂದೇ ಕಸುಬಿನವರು. ನೀವು ಮುದುಕರ ಮನೆಗೆ ದರ್ಜೆ ಹಾಕುತ್ತೀರಿ, ನಾನು ಮುದುಡಿದ ಹಣ್ಣಿಗೆ. ಕಾಲೇಜಿನಲ್ಲಿ ಹತ್ತಿದ ಪ್ರಾಸದ ಚಟ ನಲವತ್ತೈದರ ಹತ್ತಿರ ಬಂದರೂ ಬಿಟ್ಟಿಲ್ಲ. ‘ಒಂದ ಮಾತರ ಸೀದಾ ಆಡ್ರಿ’ ಎಂದು ಹೆಂಡತಿ ನಂದಾ ಬೈಯುತ್ತಾಳೆ. ಸೀದಾ ಬರೆದ ಅರ್ಜಿಗಳು ನಿಮ್ಮಲ್ಲಿ ಸೀದಾ ಕಪಾಟಿಗೇ ಹೋದವಾದ್ದರಿಂದ ಈ ಸಲ ನನಗೆ ಬಂದ ಹಾಗೆ ಬರೆಯುತ್ತಿದ್ದೇನೆ.

ಮುರಿಗೆವ್ವ ನಿಡೋಣಿಯವಳು. ಗಂಡ ಬೇಗ ತೀರಿಕೊಂಡ ಮೇಲೆ ತವರಿಗೆ ಬಂದು, ಎಮ್ಮೆ ಕಟ್ಟಿ ಹಾಲು ಮಾರಿ, ನಮ್ಮನ್ನೆಲ್ಲ ಬೈದು ಬೆಳೆಸಿದವಳು. ಹೋದ ವರ್ಷ ಲಕ್ವಾ ಹೊಡೆದು ಬಲಗಡೆಯ ಮೈ ಹೋಯಿತು. ನಾಲಗೆಯ ತಂಟೆಗೆ ಲಕ್ವಾ ಹೋಗಲಿಲ್ಲ. ಹೋಗಿದ್ದರೆ ಅದಕ್ಕೂ ನಾಲ್ಕು ಮಾತು ಬೀಳುತ್ತಿದ್ದವು. ತಿಕೋಟಾದ ನಮ್ಮ ಮನೆಯಲ್ಲೇ ಇಟ್ಟುಕೊಂಡಿದ್ದೆವು. ಹೊತ್ತುಹೊತ್ತಿಗೆ ಎತ್ತುವುದು, ಕೂರಿಸುವುದು, ಹೊರಳಿಸುವುದು ಎಲ್ಲ ನಂದಾಳ ಕೈಯಲ್ಲೇ. ಚಳಿಗಾಲ ಮುಗಿಯುವಷ್ಟರಲ್ಲಿ ನಂದಾಳ ಬೆನ್ನು ಹಿಡಿಯಿತು. ಭಾರ ಎತ್ತಲೇಬಾರದು ಎಂದರು ಡಾಕ್ಟರು. ಮಾತು ತೆಗೆದವಳು ಅತ್ತೆಯೇ.

‘ನನ್ನ ಎತ್ತಿ ಎತ್ತಿ ಇಕಿನೂ ಹಾಸಿಗಿ ಹಿಡದ್ರ ನಮ್ಮಿಬ್ಬರನ್ನ ಯಾರ ಎತ್ತಬೇಕೋ ಸಿದ್ದಾ? ನಾಕ ಮಂದಿ ಎತ್ತೂವಂಥಾ ಜಾಗಾಕ ಒಯ್ದ ಬಿಡು.’

‘ನಾಕ ಮಂದಿ ಎತ್ತೂದಂದ್ರ ಸುಡಗಾಡ ಆತಲ್ಲ ಅತ್ತಿ.’

‘ಅದಕ್ಕಿಂತ ಮೊದಲ ಇನ್ನೊಂದ ಸ್ಟಾಪ್ ಇರಬೇಕ ನೋಡು. ಹುಡುಕು.’

ಹುಡುಕಿದೆ. ಜಲನಗರದಲ್ಲಿ ಸಿಕ್ಕಿತು. ಸಂಬಂಧಿಕರು ‘ಅತ್ತೀನ ಒಯ್ದ ಅಲ್ಲಿ ಒಗದ ಬಂದಾನ’ ಎಂದು ಆಡಿಕೊಂಡರು. ಆಡಿಕೊಂಡವರಲ್ಲಿ ಒಬ್ಬರೂ ಒಂದು ದಿನವಾದರೂ ಎತ್ತಿಕೊಡಲು ಬರಲಿಲ್ಲ. ಆಡುವ ಬಾಯಿಗೆ ಬೆನ್ನುನೋವು ಬರುವುದಿಲ್ಲ, ಮಾನ್ಯರೇ.

ಕೇಂದ್ರದ ನಿಯಮದ ಪ್ರಕಾರ ಮನೆಯವರ ಭೇಟಿ ಐತವಾರ ಮಾತ್ರ. ಐತವಾರ ಹೋದರೆ ಅತ್ತೆ ಮೈಗೆ ನೀರು ಎರೆಸಿಕೊಂಡು, ತಲೆಗೆ ಎಣ್ಣೆ ಹಚ್ಚಿಸಿಕೊಂಡು, ಒಗೆದ ಸೀರೆ ಉಟ್ಟು ಮಲಗಿರುತ್ತಿದ್ದಳು. ಆಚೀಚೆಯ ಮಂಚದ ಮುದುಕಿಯರೂ ಹಾಗೇ. ನಮಗೂ ಸಮಾಧಾನ, ಬಸ್ಸು ಹತ್ತಿ ಮನೆಗೆ ಬರುತ್ತಿದ್ದೆವು. ಈ ಸಂಗತಿಯನ್ನು ನೆನಪಿಟ್ಟುಕೊಳ್ಳಬೇಕೆಂದು ಕೋರುತ್ತೇನೆ, ಮುಂದೆ ಬೇಕಾಗುತ್ತದೆ.

ಇನ್ನು ನೀವು ಬಂದ ಬುಧವಾರ. ನೀವು ಬರುವುದು ನಿಮಗಿಂತ ಮೊದಲೇ ನಮಗೆಲ್ಲ ತಿಳಿದಿತ್ತು. ಹಿಂದಿನ ವಾರವೇ ಮ್ಯಾನೇಜರು ಫೋನು ಮಾಡಿದ್ದರು: ‘ಬುಧವಾರ ಇಸ್ತ್ರಿ ಮಾಡಿದ ಅಂಗಿ ಹಾಕ್ಕೊಂಡ ಬರ್ರಿ ಸರ್. ಕಮಿಟಿ ಬರತೈತಿ. ಮನಿ ಮಂದಿ ನಾಕ ಜನ ಓಡ್ಯಾಡಿದ್ರ ಛಲೋ ಕಾಣತೈತಿ.’ ನಾನು ಗೋದಾಮಿಗೆ ರಜೆ ಹಾಕಿ, ಇಸ್ತ್ರಿ ಅಂಗಿ ಹಾಕಿ, ನಂದಾಳನ್ನು ಕರೆದುಕೊಂಡು ಛಲೋ ಕಾಣಲು ಹೋದೆ.

ಹೋಗಿ ನೋಡಿದರೆ ಕೇಂದ್ರದ ಗುರುತು ನಮಗೇ ಹತ್ತಲಿಲ್ಲ. ಸಮಿತಿ ಬರತೈತಿ ಅಂದರೆ ಸಾಕು, ಸಂಡಾಸಕ್ಕೂ ಸುವಾಸನಿ ಬೇಕು! ಹೊಸ ಚಾದರಗಳ ಮೇಲೆ ಅಂಗಡಿಯ ಮಡಿಕೆ ಹಾಗೇ ಇತ್ತು. ಹೆಂಗಸರ ಕೋಣೆಯಲ್ಲಿ ಎಂದೂ ಹೊಳೆವ್ವ ಎಂಬ ಒಬ್ಬಳೇ ಆರೈಕೆಯವಳು ಕಾಣುತ್ತಿದ್ದಳು. ಅಂದು ಗುಲಾಬಿ ಸೀರೆಯ ಸಮವಸ್ತ್ರದಲ್ಲಿ ಒಂದು ಗುಂಪೇ ನಿಂತಿತ್ತು. ನಂದಾ ನನ್ನ ಪಕ್ಕೆಗೆ ತಿವಿದಳು.

‘ಆ ಎತ್ತರನ್ನಾಕಿ ನೋಡ್ರಿ. ನಮ್ಮ ಅಕ್ಕನ ಮಗಳು ಗೀತಾಂಜಲಿ ಮದುವ್ಯಾಗ ರೊಟ್ಟಿ ಬಡ್ಯಾಕ ಬಂದಿದ್ಲಲ್ಲ, ಅಕಿನ.’

‘ಹಂಗಾರ ಇವತ್ತ ಊಟಕ್ಕ ಬಿಸಿ ರೊಟ್ಟಿ ಅಂದಂಗಾತು.’

‘ನಗಬ್ಯಾಡ್ರಿ. ಅಕಿ ನಾಡಿ ನೋಡೂವಂಗ ಕೈ ಹಿಡದ ನಿಂತಾಳ ಅಲ್ಲಿ.’

ರೊಟ್ಟಿ ಬಡಿಯುವುದು ಕೀಳು ಕೆಲಸವಲ್ಲ, ಆ ತಾಯಿಯ ಮೇಲೆ ನನ್ನ ದೂರಿಲ್ಲ. ಕರೆದರು, ಬಂದಳು. ಆದರೆ ಸಿಬ್ಬಂದಿ ಸಾಕಷ್ಟಿದೆ ಎಂದು ನೀವು ತಲೆ ಆಡಿಸಿದಿರಲ್ಲ, ಆ ತಲೆಯ ಬಗ್ಗೆ ಸ್ವಲ್ಪ ದೂರಿದೆ.

ನೀವು ಮೊದಲು ಹೋದದ್ದು ಗಂಡಸರ ಕೋಣೆಗೆ. ಓಡಾಡುವವರ ಲೆಕ್ಕದಲ್ಲಿ ನಾನೂ ನಿಮ್ಮ ಹಿಂದೆ ಬಂದೆ. ಅಲ್ಲಿ ಸಾರವಾಡದ ಖಂಡಪ್ಪಜ್ಜ ಎಂಬುವರಿದ್ದಾರೆ. ಹರೆಯದಿಂದ ಕುರಿ ಕಾಯ್ದವರು. ಪರೀಕ್ಷೆಯ ಮೊದಲ ಪ್ರಶ್ನೆ ಕೇಳಿದಿರಿ: ‘ಯಜಮಾನ್ರ, ಇವತ್ತ ಯಾವ ವಾರ?’

‘ಬುಧವಾರ್ರಿ.’

‘ಶಾಬಾಸ್. ಆರಾಮ ಅದೀರೇನು?’

‘ಆರಾಮ್ರಿ. ನೀವ ಆರಾಮ? ಮಳಿ ಬೆಳಿ ಹೆಂಗ ನಿಮ್ಮ ಕಡಿ?’

ನಿಮ್ಮ ಮುಖ ಅರಳಿತು. ವಾರ ಸರಿ, ಮನಸ್ಸು ಸರಿ, ಮಾತು ಸರಿ, ಕೇಂದ್ರವೂ ಸರಿ. ನೀವು ಆಚೆ ಹೋದ ಮೇಲೆ ಖಂಡಪ್ಪಜ್ಜ ನನ್ನ ತೋಳು ಹಿಡಿದು ಮೆಲ್ಲಗೆ ಕೇಳಿದರು: ‘ದಲ್ಲಾಳಿ ಮಂದಿ ಛಲೋ ಕಾಣ್ತಾರಪಾ. ಆದ್ರ ಮರಿ ರೇಟ ಒಡದ ಹೇಳಲಿಲ್ಲ. ನಿನಗೇನರ ಅಂದ್ರೇನು?’

ಅವರು ನಿಮ್ಮನ್ನು ಕುರಿ ಕೊಳ್ಳಲು ಬಂದವರು ಎಂದುಕೊಂಡಿದ್ದರು, ಮಾನ್ಯರೇ. ಖಂಡಪ್ಪಜ್ಜನಿಗೆ ಎಂದೋ ಮರವು ಹತ್ತಿದೆ. ಬುಧವಾರ ಅವರು ಕುರಿ ಮಾರುತ್ತಿದ್ದ ಸಂತೆಯ ದಿನವಂತೆ. ಅದೊಂದೇ ವಾರ ನೆನಪಿನಲ್ಲಿ ಉಳಿದಿದೆ. ಅವರಿಗೆ ಸೋಮವಾರವೂ ಬುಧವಾರ, ಶನಿವಾರವೂ ಬುಧವಾರ, ಮಣ್ಣೆತ್ತಿನ ಅಮಾವಾಸ್ಯೆಯೂ ಬುಧವಾರ. ನೀವು ಬುಧವಾರವೇ ಬಂದದ್ದು ಅವರ ಪುಣ್ಯ. ಅಥವಾ ಕೇಂದ್ರದ ಪುಣ್ಯ. ಹೀಗೆ, ಎಲ್ಲಿದ್ದೇನೆಂದೇ ತಿಳಿಯದ ಒಬ್ಬ ಮುದುಕ ‘ಇಲ್ಲಿ ಎಲ್ಲ ಆರಾಮ’ ಎಂದು ಹೇಳಿದ್ದು ಪ್ರಮಾಣ ವಾಕ್ಯವಾಯಿತು.

ಆ ‘ಆರಾಮ’ ಶಬ್ದದ ಬಗ್ಗೆಯೂ ಎರಡು ಮಾತು. ನಮ್ಮ ಕಡೆ ಅದು ಆರೋಗ್ಯದ ವರದಿಯಲ್ಲ. ಮನೆಗೆ ಬಂದವರ ಕೈಗೆ ಕೊಡುವ ನೀರಿನ ತಂಬಿಗೆ. ಕಾಲು ಮುರಿದು ಟ್ರ್ಯಾಕ್ಟರಿನಲ್ಲಿ ದವಾಖಾನೆಗೆ ಹೊರಟವನನ್ನು ಕೇಳಿ, ‘ಆರಾಮ್ರಿ, ನೀವ?’ ಎನ್ನುತ್ತಾನೆ. ತಂಬಿಗೆ ಕೊಟ್ಟರೆಂದು ಬಾವಿಯಲ್ಲಿ ನೀರಿದೆ ಎಂದು ಬರೆದುಕೊಳ್ಳುವ ಅಧಿಕಾರಿಯನ್ನು ನಾನು ಎಲ್ಲಿಯೂ ಕಂಡಿರಲಿಲ್ಲ. ನೀವಾದರೂ ಇದೇ ಜಿಲ್ಲೆಯ ನೀರು ಕುಡಿದವರು. ನಿಮಗಿದು ಗೊತ್ತಿರಲಿಲ್ಲವೇ? ಗೊತ್ತಿದ್ದೂ ಕೇಳಿದಿರೇ?

ಆಮೇಲೆ ಹೆಂಗಸರ ಕೋಣೆ. ಅತ್ತೆಯ ಮಂಚದ ಹತ್ತಿರ ಬಂದು ಅದನ್ನೇ ಕೇಳಿದಿರಿ. ಅವಳು ಎಡಗೈಯಿಂದ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು.

‘ಐತವಾರ್ರಿ ಸಾಹೇಬ್ರ.’

‘ಸರಿಯಾಗಿ ನೆನಪ ಮಾಡ್ಕೊಂಡ ಹೇಳ್ರಿ ಅಜ್ಜಿ.’

‘ಇದರಾಗ ನೆನಪೇನ ಮಾಡ್ಕೋಳೂದ್ರಿ? ಐತವಾರ.’

ನೀವು ನಿಮ್ಮ ಸಹಾಯಕರ ಕಡೆ ನೋಡಿದಿರಿ. ಅವರು ಮ್ಯಾನೇಜರ ಕಡೆ ನೋಡಿದರು. ‘ಆರಾಮ ಅದೀರಲ್ಲ?’ ಎಂದು ಕೇಳಿ, ಉತ್ತರ ಬರುವ ಮೊದಲೇ ನೀವು ಮುಂದಿನ ಮಂಚದ ಕಡೆ ಹೆಜ್ಜೆ ಹಾಕಿದ್ದಿರಿ. ಆಗ ಇಡೀ ಕಟ್ಟಡದಲ್ಲಿ ಅಂದು ಯಾರೂ ಆಡದ ಮಾತನ್ನು ಅವಳು ಆಡಿದಳು.

‘ಇಲ್ರಿ. ಟೊಂಕದ ಕೆಳಗ ಹುಣ್ಣ ಆಗೇತ್ರಿ. ಮಗ್ಗಲ ಹೊರಳಸವರ ಇಲ್ಲ. ಕೆಂಡದ ಮ್ಯಾಲ ಮಲಗಿದಂಗ ಆಗತೈತ್ರಿ. ಯಾರರ ಹೆಣಮಕ್ಕಳಿಗೆ ಹೇಳಿ ಒಂದೀಟ ಚಾದರ ತಗದ ನೋಡಸ್ರಿ.’

ಆ ಮಾತಿನ ತೂಕ ನಿಮಗೆ ತಿಳಿಯಲಿಲ್ಲ. ಮುರಿಗೆವ್ವ ತನ್ನ ಮೈಯ ನೋವನ್ನು ಪರಗಂಡಸಿನ ಮುಂದೆ ಆಡಿದವಳಲ್ಲ. ಲಕ್ವಾ ಹೊಡೆದ ದಿನವೂ ಡಾಕ್ಟರ ಎದುರು ‘ಏನಿಲ್ರಿ, ಕೈ ಜೋಮ ಹಿಡದೈತಿ’ ಎಂದಿದ್ದಳು. ಅಂಥವಳು ಇಸ್ತ್ರಿ ಅಂಗಿಯವರ ಸಾಲಿನ ಮುಂದೆ ‘ಟೊಂಕ’ ಎಂದು ಬಾಯಿಬಿಟ್ಟಳೆಂದರೆ ಆ ಕೆಂಡ ಎಷ್ಟು ಸುಟ್ಟಿರಬೇಕು! ಮ್ಯಾನೇಜರು ನಕ್ಕರು: ‘ಅಜ್ಜಿಗೆ ಮರವು ಸರ್. ಈಗ ನೋಡಿದ್ರೆಲ್ಲ, ವಾರನೂ ತಿಳಿಯೂದಿಲ್ಲ.’ ನೀವು ‘ಗೊತ್ತಾತು, ಗೊತ್ತಾತು’ ಎಂದಿರಿ. ಚಾದರ ಇದ್ದಲ್ಲೇ ಇತ್ತು, ಅಂಗಡಿಯ ಮಡಿಕೆಯೊಂದಿಗೆ.

ಸೋಮವಾರದ ಒಪ್ಪತ್ತು ಎಂದೂ ಬಿಡದ ಅತ್ತೆ ವಾರ ತಪ್ಪಿದ್ದು ನನಗೂ ಸೋಜಿಗವೆನಿಸಿತು. ನೀವೆಲ್ಲ ಕೋಣೆ ದಾಟಿದ ಮೇಲೆ ಕೇಳಿದೆ.

‘ಅತ್ತಿ, ಐತವಾರ ಯಾಕಂದಿ? ಇವತ್ತ ಬುಧವಾರ ಐತಲ್ಲ.’

‘ಬುಧವಾರ? ಹುಚ್ಚಗಿಚ್ಚ ಹಿಡದೈತೇನಲೇ? ಮುಂಜಾನೆ ಎರದಾರ. ತಲಿಗೆ ಎಣ್ಣಿ ಹಚ್ಯಾರ. ಮ್ಯಾಲ ನೀನೂ ಬಂದಿ. ಐತವಾರ ಅಲ್ಲದ ಏನಿದು?’

ನಂದಾ ಮುಖ ಆ ಕಡೆ ತಿರುಗಿಸಿಕೊಂಡಳು. ನನಗೆ ಯಾವ ಪ್ರಾಸವೂ ಹೊಳೆಯಲಿಲ್ಲ.

ಮಾನ್ಯರೇ, ಅತ್ತೆ ನಿಮ್ಮ ಪ್ರಶ್ನೆಗೆ ತಪ್ಪು ಉತ್ತರ ಕೊಡಲಿಲ್ಲ. ನೀವು ಕೇಳದೇ ಬಿಟ್ಟ ಪ್ರಶ್ನೆಗೆ ಸರಿಯಾದ ಉತ್ತರ ಕೊಟ್ಟಳು. ಆ ಕೇಂದ್ರದಲ್ಲಿ ಮೈಗೆ ನೀರು ಬೀಳುವುದು ಐತವಾರ ಮಾತ್ರ, ನಾವು ಬರುವ ದಿನ ಮಾತ್ರ. ಕಿಟಕಿ ಕಾಣದ ಮಂಚದ ಮೇಲೆ ಮಲಗಿದ ಹೆಂಗಸು ಬೇರೆ ಯಾವುದರಿಂದ ವಾರ ತಿಳಿಯಬೇಕು? ನೀರು ಒಂದು ಸಾಕ್ಷಿ, ಎಣ್ಣೆ ಎರಡನೆಯದು, ನಾನು ಮೂರನೆಯವನು. ಮೂರು ಸಾಕ್ಷಿ ನೋಡಿ ತೀರ್ಪು ಹೇಳಿದವಳಿಗೆ ಮರವು, ಮೂರು ಕೋಣೆ ತಿರುಗಿ ಏನೂ ನೋಡದವರಿಗೆ ಸಹಿ ಮಾಡುವ ಅರಿವು!

ನಾನು ಆಗಲೇ ಓಡಿ ಬಂದೆ. ನೀವು ಆಫೀಸಿನಲ್ಲಿ ಶೇಂಗಾ ಹೋಳಿಗೆಗೆ ತುಪ್ಪ ಬಿಡಿಸಿಕೊಳ್ಳುತ್ತಿದ್ದಿರಿ. ನಡೆದದ್ದನ್ನು ಹೇಳಿದೆ. ಒಮ್ಮೆ ಬಂದು ಚಾದರ ಎತ್ತಿಸಿ ನೋಡಿ ಎಂದೆ. ನೀವು ಬಹಳ ಸೌಜನ್ಯದಿಂದ ಹೇಳಿದಿರಿ: ‘ನಿಮ್ಮ ಭಾವನೆ ಅರ್ಥ ಆಗತೈತಿ. ಆದ್ರ ವಾರ ತಪ್ಪಿ ಹೇಳಿದವರ ಹೇಳಿಕಿ ತಗೋಳಾಕ ನಮಗ ಬರೂದಿಲ್ಲ. ಬರ್ರಿ, ಹೋಳಿಗಿ ತಗೋರಿ.’ ಹೋಳಿಗೆ ಒಳ್ಳೆಯದಿತ್ತು ಎಂದು ಕೇಳಿದೆ. ಅದಕ್ಕೂ ‘ಎ’ ಕೊಡಬಹುದಿತ್ತು.

‘ಮುಲಾಮ ಹಚ್ಚಾಕತ್ತೀವಿ ಸರ್, ಮಾಯತೈತಿ’ ಎಂದು ಮ್ಯಾನೇಜರು ಮುಂದಿನ ಐತವಾರಗಳನ್ನು ದಾಟಿಸಿದರು. ಕೆಲವು ವಾರದ ಮೇಲೆ, ಔಷಧ ಕೊಡುವ ನೆಪ ಮಾಡಿ, ಹೇಳದೆ ಕೇಳದೆ ಹೋದೆ. ಚಾದರ ಹಳೆಯದು, ವಾಸನೆ ಹಳೆಯದು, ಹೊಳೆವ್ವ ಒಬ್ಬಳೇ. ಅತ್ತೆ ನನ್ನನ್ನು ನೋಡಿ ಗಾಬರಿಯಾದಳು.

‘ಇವತ್ತ ಬ್ಯಾಸ್ತವಾರ. ಯಾಕ ಬಂದಿ? ಯಾರ ಸತ್ರು?’

‘ಯಾರೂ ಸತ್ತಿಲ್ಲ. ಬ್ಯಾಸ್ತವಾರ ಅಂತ ಹೆಂಗ ಗೊತ್ತಾತ ನಿನಗ?’

‘ಮೈ ಹೇಳತೈತಲ್ಲೋ ಯಪ್ಪಾ. ಐತವಾರ ಎರೀತಾರ. ಮಂಗಳವಾರಕ್ಕ ತಲಿ ಕಡೀತೈತಿ. ಬ್ಯಾಸ್ತವಾರಕ್ಕ ನನ್ನ ಮೈ ವಾಸನಿ ನನಗ ಸಾಕಾಗತೈತಿ. ಶುಕ್ರವಾರ, ಶನಿವಾರ ಕೇಳಬ್ಯಾಡ. ಅವತ್ತ ಆ ಸಾಹೇಬ್ರು ಬಂದು ನಡುವ ಎರಸಿ ನನ್ನ ವಾರೆಲ್ಲಾ ಕೆಡಿಸಿ ಹೋದ್ರು.’

ಅದು ಬ್ಯಾಸ್ತವಾರವೇ ಆಗಿತ್ತು. ನಿಮ್ಮ ಕಚೇರಿಯ ಭಾಷೆಯಲ್ಲಿ ಗುರುವಾರ.

ಹೊಳೆವ್ವನೂ ನಾನೂ ಸೇರಿ ಅವಳನ್ನು ಹೊರಳಿಸಿದೆವು. ಹೊಳೆವ್ವ ಚಾದರ ಸರಿಸಿದಳು. ನಾನು ಕಂಡದ್ದನ್ನು ಇಲ್ಲಿ ಬರೆಯುವುದಿಲ್ಲ. ಅತ್ತೆಯ ಮಾನ ಅವಳದೇ. ಅಂಗೈ ಇಟ್ಟರೂ ಮುಚ್ಚದಷ್ಟು ಅಗಲವಾಗಿತ್ತು ಎಂದು ಮಾತ್ರ ಹೇಳುತ್ತೇನೆ. ‘ನನಗ ಬೈಬ್ಯಾಡ ಅಣ್ಣಾ’ ಎಂದಳು ಹೊಳೆವ್ವ. ‘ಇವರನ್ನ ಹೊರಳಸೂದ್ರಾಗ ಅವರು ಕರೀತಾರ, ಅವರನ್ನ ಎತ್ತೂದ್ರಾಗ ಇವರು ಹಾಸಿಗಿ ಒದ್ದಿ ಮಾಡ್ಕೊಂಡಿರ್ತಾರ. ಇರಾವು ಎರಡ ಕೈ.’ ನಾನು ಬೈಯಲಿಲ್ಲ. ಆ ಬುಧವಾರ ನಿಂತ ಗುಲಾಬಿ ಸೀರೆಗಳಲ್ಲಿ ಇಬ್ಬರಾದರೂ ಗುರುವಾರಕ್ಕೆ ಉಳಿದಿದ್ದರೆ ಈ ಪತ್ರವೇ ಬೇಕಿರಲಿಲ್ಲ. ನಾನು ಕರೆತಂದ ಡಾಕ್ಟರು ಡ್ರೆಸ್ಸಿಂಗ್ ಮಾಡಿ, ಎರಡು ತಾಸಿಗೊಮ್ಮೆ ಮಗ್ಗಲು ಬದಲಿಸಲೇಬೇಕು, ಇಲ್ಲವಾದರೆ ಎಲುಬಿಗೆ ಇಳಿಯುತ್ತದೆ, ಇಳಿದರೆ ನನ್ನ ಕೈಯಲ್ಲಿಲ್ಲ ಎಂದರು.

ಅದನ್ನು ಬರೆದು ನಿಮಗೆ ಕೊಟ್ಟೆ. ಉತ್ತರ ಬಂತು: ‘ದೂರಿಗೆ ಆಧಾರವಾದ ನಿವಾಸಿಯು ದಿನಮಾನ ಗುರುತಿಸಲು ಅಸಮರ್ಥರಿರುವುದು ಪರಿಶೀಲನಾ ಕಾಲದಲ್ಲಿ ದೃಢಪಟ್ಟಿರುವ ಹಿನ್ನೆಲೆಯಲ್ಲಿ ದೂರನ್ನು ಮುಕ್ತಾಯಗೊಳಿಸಲಾಗಿದೆ.’ ಎಷ್ಟು ಒಳ್ಳೆಯ ಕನ್ನಡ! ಓದಿ ಹೇಳಿದೆ. ಅತ್ತೆ ಕೇಳಿದಳು, ‘ಅಂದ್ರ ಹುಣ್ಣ ಐತಿ ಅಂದಾರೋ, ಇಲ್ಲಂದಾರೋ?’ ನಾನು ಬಿ.ಎ. ಆದರೂ ಹೇಳಲಾಗಲಿಲ್ಲ. ಕಚೇರಿಯಲ್ಲಿ ವಿಚಾರಿಸಿದಾಗ, ‘ಎ’ ಬಂದ ಕೇಂದ್ರಕ್ಕೆ ಇನ್ನು ಎರಡು ವರ್ಷ ತಪಾಸಣೆ ಇಲ್ಲ ಎಂದರು. ಎರಡು ವರ್ಷ ಕಾಯಬೇಕೆಂದು ಹುಣ್ಣಿಗೆ ತಿಳಿಸುವವರು ಯಾರು?

ಬೇರೆ ಕಡೆ ಒಯ್ಯಬಾರದೇ ಎಂದು ನೀವು ಕೇಳಬಹುದು. ಕೈಗೆಟಕುವ ದೂರದಲ್ಲಿ ಇಂಥದು ಇನ್ನೊಂದೇ ಸಿಕ್ಕಿತು. ಅದಕ್ಕೂ ನೀವು ‘ಎ’ ಕೊಟ್ಟಿದ್ದೀರಿ. ‘ಎ’ ಅಂದರೆ ಏನೆಂದು ಈಗ ನನಗೆ ಗೊತ್ತಿರುವುದರಿಂದ ಒಳಗೆ ಕಾಲಿಡಲು ಧೈರ್ಯ ಬರಲಿಲ್ಲ. ಸದ್ಯ ನಾನು ಮತ್ತು ನಂದಾ ಮ್ಯಾನೇಜರ ಜೊತೆ ಜಗಳವಾಡಿ ದಿನಾ ಬರಲು ಅನುಮತಿ ಪಡೆದಿದ್ದೇವೆ. ಗೋದಾಮಿನ ಕೆಲಸ ಮುಗಿದ ಮೇಲೆ ದಿನಕ್ಕೊಮ್ಮೆ ನಾನು ಬಸ್ಸು ಹತ್ತಿ ಹೋಗಿ ಹೊರಳಿಸಿ ಬರುತ್ತೇನೆ. ಉಳಿದ ತಾಸುಗಳಲ್ಲಿ ಅವಳು ಕೆಂಡದ ಮೇಲೆಯೇ ಇರುತ್ತಾಳೆ. ಸಿಟ್ಟು ಮಾಡುವಷ್ಟು ಕಸುವು ನನ್ನಲ್ಲಿ ಉಳಿದಿಲ್ಲ, ಮಾನ್ಯರೇ. ದಣಿದಿದ್ದೇನೆ. ದಣಿದವನು ಕೂಗುವುದಿಲ್ಲ, ಅದನ್ನು ತೃಪ್ತಿ ಎಂದು ಬರೆದುಕೊಳ್ಳಬೇಡಿ.

ನಮ್ಮ ಕಸುಬಿನ ಒಂದು ರೂಢಿ ಹೇಳಿಬಿಡುತ್ತೇನೆ. ತಿಕೋಟಾದಲ್ಲಿ ಒಣದ್ರಾಕ್ಷಿಯ ಪೆಟ್ಟಿಗೆ ತೆರೆದಾಗ ಮೇಲಿನ ಪದರನ್ನು ಯಾರೂ ನೋಡುವುದಿಲ್ಲ. ಮೇಲಿನ ಪದರು ಮಾರುವವನದು. ಅಲ್ಲಿ ಎಲ್ಲ ಕಾಳೂ ಹೊಳೆಯುತ್ತವೆ. ಮೊಣಕೈವರೆಗೆ ಕೈ ಇಳಿಸಿ ತಳದ ಒಂದು ಹಿಡಿ ಎತ್ತುತ್ತೇವೆ. ಕೈ ಅಂಟಾಗುತ್ತದೆ, ತೊಳೆದುಕೊಳ್ಳುತ್ತೇವೆ. ನೀವು ಇಡೀ ದಿನ ತಿರುಗಿದಿರಿ, ನಿಮ್ಮ ಕೈಗೆ ಹೋಳಿಗೆಯ ತುಪ್ಪ ಬಿಟ್ಟರೆ ಬೇರೇನೂ ಅಂಟಲಿಲ್ಲ.

ಆದ್ದರಿಂದ ನನ್ನ ಬೇಡಿಕೆ. ಮುಂದಿನ ತಪಾಸಣೆಗೆ ಎರಡು ವರ್ಷ ಕಾಯದೆ ಈ ವಾರವೇ ಬನ್ನಿ. ಫೋನು ಮಾಡದೆ ಬನ್ನಿ, ಗುರುವಾರವೋ ಶುಕ್ರವಾರವೋ ಬನ್ನಿ. ಜೊತೆಗೆ ಒಬ್ಬ ಹೆಣ್ಣುಮಗಳು ಡಾಕ್ಟರನ್ನು ಕರೆತನ್ನಿ. ಅವರು ಒಂದೊಂದು ಮಂಚದ ಚಾದರವನ್ನೂ ಎತ್ತಿ ನೋಡಲಿ. ಅಲ್ಲಿಯವರೆಗೆ ಬಾಗಿಲ ಮೇಲಿನ ‘ಎ’ ಫಲಕ ಇಳಿಸಿಡಿ. ಹೊಳೆವ್ವನ ಜೊತೆಗೆ ಬೇರೆ ಕೈಗಳು ಬರುವವರೆಗೆ ಅದನ್ನು ಮತ್ತೆ ಏರಿಸಬೇಡಿ. ಮತ್ತು ನನ್ನ ಅತ್ತೆಯ ಹೆಸರಿನ ಮುಂದೆ ನೀವು ಬರೆದ ಮಾತನ್ನು ನಿಮ್ಮ ಕೈಯಿಂದಲೇ ಹೊಡೆದುಹಾಕಿ.

ಆಮೇಲೆ ದಿನಾ ಎರೆಯಲಿ, ಎರಡು ತಾಸಿಗೊಮ್ಮೆ ಹೊರಳಿಸಲಿ, ಮನೆಯವರು ಬೇಕಾದ ದಿನ ಬಂದು ಹೋಗಲಿ. ಮೈ ಯಾವ ವಾರದ ಗುರುತನ್ನೂ ಹೇಳದಂತಾಗಲಿ. ಆಗ ನೀವು ಇನ್ನೊಮ್ಮೆ ಬಂದು ‘ಅಜ್ಜಿ, ಇವತ್ತ ಯಾವ ವಾರ?’ ಎಂದು ಕೇಳಿ. ‘ಯಾರಿಗ್ಗೊತ್ರಿ ಸಾಹೇಬ್ರ, ದಿನಾ ಐತವಾರ ಇದ್ದಂಗ ಐತಿ’ ಎಂದು ಅವಳು ಹೇಳಿದರೆ, ಅಂದು ಕೊಡಿ ನಿಮ್ಮ ‘ಎ’ ದರ್ಜೆ. ನಾನೇ ಮೊಳೆ ತಂದು ಫಲಕ ತೂಗುಹಾಕುತ್ತೇನೆ.

ಇಂತಿ,
ಐತವಾರದ ಮೂರನೆಯ ಸಾಕ್ಷಿ,
ಸಿದ್ದಲಿಂಗೇಶ, ಬಿ.ಎ.,
ಒಣದ್ರಾಕ್ಷಿಗೆ ಮಾತ್ರ ದರ್ಜೆ ಹಾಕುವ ಅಧಿಕಾರವುಳ್ಳವನು,
ತಿಕೋಟಾ